ಬೆಂಕಿಗೂ ಒಬ್ಬ ಯಜಮಾನ ಬೇಕು

ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರ ಜುಲೈ ತಿಂಗಳಲ್ಲಿ ಒಂದು ಹಾಳುಬಾವಿಯನ್ನು ಅಗೆದರು. ಬಾವಿಯ ಮಣ್ಣು ಸಿಡಿಮದ್ದಿನ ವಾಸನೆ ಹೊಡೆಯುತ್ತಿತ್ತು. ಅಗೆದಷ್ಟೂ ಒಳಗಿನಿಂದ ತುಕ್ಕು ಹಿಡಿದ, ಗೇಣುದ್ದದ ಕಬ್ಬಿಣದ ಕೊಳವೆಗಳು ಬಂದವು. ಎಣಿಸಿದರೆ ಸಾವಿರಕ್ಕೂ ಮೇಲೆ! ಅವು ಟಿಪ್ಪು ಸುಲ್ತಾನನ ಕಾಲದ ಯುದ್ಧದ ರಾಕೆಟ್‌ಗಳು. ಎರಡು ಶತಮಾನಕ್ಕೂ ಹೆಚ್ಚು ಕಾಲ, ಅದೂ ನಮ್ಮ ಮಲೆನಾಡಿನ ಮಳೆಯಲ್ಲಿ, ನೆಲದೊಳಗೆ ಮಲಗಿದ್ದರೂ ಆ ಕೊಳವೆಗಳಲ್ಲಿ ಮದ್ದಿನ ಪುಡಿ ಇನ್ನೂ ಇತ್ತು.

ನಗರವೆಂದರೆ ಹಿಂದಿನ ಬಿದನೂರು, ಕೆಳದಿಯ ಅರಸರ ರಾಜಧಾನಿ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ. ಕಬ್ಬಿಣದ ಕೊಳವೆಯೊಳಗೆ ಮದ್ದು ತುಂಬಿ ಬಿದಿರಿನ ಗಳಕ್ಕೆ ಕಟ್ಟಿ ಹಾರಿಸುವ ಮೈಸೂರಿನ ರಾಕೆಟ್‌ಗಳನ್ನು ಕಂಡು ಇಂಗ್ಲಿಷರು ಬೆರಗಾಗಿ, ಅವನ್ನು ತಮ್ಮ ದೇಶಕ್ಕೆ ಒಯ್ದು, ಅದೇ ಮಾದರಿಯಲ್ಲಿ ತಮ್ಮದನ್ನು ತಯಾರಿಸಿಕೊಂಡರು. ಹಾಗಾಗಿ ಮಕ್ಕಳೇ, ಬಾಣಬಿರುಸು ನಮ್ಮ ಸೀಮೆಗೆ ಹೊಸತಲ್ಲ. ಆದರೆ ಆ ಬಾವಿ ಇನ್ನೊಂದು ಮಾತನ್ನೂ ಹೇಳುತ್ತದೆ: ಮದ್ದಿಗೆ ಮರೆವಿಲ್ಲ, ಮರೆಯುವವರು ನಾವು. ಇಟ್ಟವರು ಹೋದರು, ಇಟ್ಟ ಜಾಗ ಯಾರಿಗೂ ನೆನಪಿರಲಿಲ್ಲ, ಮದ್ದು ಮಾತ್ರ ಇದ್ದಲ್ಲೇ ಇತ್ತು.

ಈಗ ಯುದ್ಧದ ರಾಕೆಟ್ ಹೋಗಿ ವೇದಿಕೆಯ ಬೆಂಕಿ ಬಂದಿದೆ. ಜಾತ್ರೆಯ ಆರ್ಕೆಸ್ಟ್ರಾ, ಗಣಪತಿ ಉತ್ಸವದ ರಸಮಂಜರಿ, ಮದುವೆಯ ಆರತಕ್ಷತೆ, ಕೊನೆಗೆ ಶಾಲಾ ವಾರ್ಷಿಕೋತ್ಸವದಲ್ಲೂ ಹಾಡು ಏರುವ ಹೊತ್ತಿಗೆ ವೇದಿಕೆಯ ಎರಡೂ ಬದಿಯಿಂದ ಆಳೆತ್ತರದ ಕಿಡಿಯ ಕಾರಂಜಿ ಚಿಮ್ಮುತ್ತದೆ. ನೋಡಲು ಚೆನ್ನ, ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಒಂದೇ. ಆ ಬೆಂಕಿಗೆ ಯಜಮಾನ ಯಾರು?

ದೊಂದಿ ಹಿಡಿದವನ ಕೆಲಸ

ವೇದಿಕೆಯ ಮೇಲೆ ಬೆಂಕಿ ಆಡಿಸುವುದನ್ನು ನಮಗೆ ಪರದೇಶದ ವಾದ್ಯತಂಡಗಳು ಕಲಿಸಬೇಕಾಗಿಲ್ಲ. ಯಕ್ಷಗಾನದ ‘ದೇವಿ ಮಹಾತ್ಮೆ’ ನೋಡಿದ ಅಜ್ಜ-ಅಜ್ಜಿಯರಿಗೆ ಮಹಿಷಾಸುರನ ಪ್ರವೇಶ ನೆನಪಿರುತ್ತದೆ. ಚೌಕಿಯ ಕಡೆಯಿಂದಲ್ಲ, ಜನರ ಹಿಂದಿನಿಂದ ಆರ್ಭಟಿಸುತ್ತ ಬರುತ್ತಾನೆ. ಅಕ್ಕಪಕ್ಕ ಉರಿಯುವ ದೊಂದಿಗಳು. ಒಂದು ಹಿಡಿ ರಾಳದ ಪುಡಿಯನ್ನು ದೊಂದಿಯ ಮೇಲೆ ಎರಚಿದರೆ ಭಗ್ಗೆಂದು ಬೆಂಕಿಯ ಚೆಂಡು ಏಳುತ್ತದೆ, ತೊಡೆಯ ಮೇಲಿದ್ದ ಮಗು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸುತ್ತದೆ.

ಮುಂದಿನ ಸಲ ಆಟ ನೋಡುವಾಗ ಮಹಿಷಾಸುರನನ್ನು ಬಿಟ್ಟು ದೊಂದಿ ಹಿಡಿದವನನ್ನು ನೋಡಿ. ಅವನು ಕುಣಿಯುವುದಿಲ್ಲ, ಮಾತನಾಡುವುದಿಲ್ಲ, ಸಭೆಯ ಕಡೆ ನಗುವುದಿಲ್ಲ. ಅವನ ಕಣ್ಣು ಬೆಂಕಿಯ ಮೇಲೆ, ವೇಷದ ಬಟ್ಟೆಯ ಮೇಲೆ, ಎದುರು ಸರಿಯುವ ಜನರ ಮೇಲೆ. ವೇಷಧಾರಿಗೆ ಕುಣಿತದ ಹೊಣೆ, ಅವನಿಗೆ ಬೆಂಕಿಯ ಹೊಣೆ. ಆ ಇಡೀ ಗದ್ದಲದಲ್ಲಿ ಬೆಂಕಿಗೆ ಒಬ್ಬ ಯಜಮಾನ ಇದ್ದಾನೆ, ಬೆಂಕಿ ಅವನ ಕೈಯಲ್ಲೇ ಇದೆ. ನಾನು ಈ ಲೇಖನದಲ್ಲಿ ಹೇಳಹೊರಟಿರುವುದು ಇಷ್ಟೇ.

ರಾಳದ ವಿಜ್ಞಾನವನ್ನೂ ತಿಳಿದುಕೊಳ್ಳೋಣ. ನಮ್ಮ ಪಶ್ಚಿಮ ಘಟ್ಟದಲ್ಲಿ ಧೂಪದ ಮರವಿದೆ, ಅದರ ಅಂಟೇ ರಾಳ. ರಾಳದ ಗಟ್ಟಿಯನ್ನು ಕೆಂಡದ ಮೇಲಿಟ್ಟರೆ ನಿಧಾನವಾಗಿ ಹೊಗೆಯಾಡಿ ಪರಿಮಳ ಬೀರುತ್ತದೆ. ಅದನ್ನೇ ನುಣ್ಣಗೆ ಪುಡಿ ಮಾಡಿ ಗಾಳಿಗೆ ತೂರಿ ಕಿಡಿ ತಾಗಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಎಲ್ಲವೂ ಒಮ್ಮೆಲೇ ಉರಿಯುತ್ತದೆ. ಗಟ್ಟಿಯಲ್ಲಿ ಗಾಳಿ ತಾಗುವುದು ಹೊರಮೈಗೆ ಮಾತ್ರ, ಪುಡಿಯಲ್ಲಿ ಕಣಕಣಕ್ಕೂ ತಾಗುತ್ತದೆ. ಬಚ್ಚಲ ಒಲೆಯಲ್ಲಿ ದೊಡ್ಡ ಕುಂಟೆ ಹತ್ತಲು ಹಟ ಮಾಡುತ್ತದೆ, ಚಕ್ಕೆ ಹಾಕಿದರೆ ಕೂಡಲೇ ಹತ್ತುತ್ತದೆ. ಅದೂ ಇದೇ ಲೆಕ್ಕ.

ಈ ಲೆಕ್ಕ ತಪ್ಪಿದ್ದು ತೈವಾನ್ ದೇಶದಲ್ಲಿ. 2015ರ ಜೂನ್ 27ರ ರಾತ್ರಿ ಅಲ್ಲಿನ ಒಂದು ನೀರಾಟದ ಉದ್ಯಾನದಲ್ಲಿ ಸಂಗೀತದ ಸಂಭ್ರಮ ನಡೆದಿತ್ತು. ಕುಣಿಯುತ್ತಿದ್ದ ಯುವಜನರ ಮೇಲೆ ವೇದಿಕೆಯಿಂದ ಬಣ್ಣದ ಪುಡಿಯನ್ನು ಊದುತ್ತಿದ್ದರು. ಅದು ಪಟಾಕಿಯಲ್ಲ, ಮದ್ದಲ್ಲ. ನಾವು ಅಡುಗೆಗೆ ಬಳಸುವ ಮೆಕ್ಕೆಜೋಳದ ಹಿಟ್ಟಿಗೆ ಬಣ್ಣ ಹಾಕಿದ್ದು. ಗಾಳಿಯಲ್ಲಿ ತುಂಬಿದ್ದ ಆ ಪುಡಿಗೆ ಬೆಂಕಿ ತಾಗಿತು. 15 ಮಂದಿ ಸತ್ತರು, ಸುಮಾರು 500 ಮಂದಿ ಸುಟ್ಟಗಾಯಗಳಿಂದ ನರಳಿದರು. ಮಹಿಷಾಸುರನ ಪ್ರವೇಶದಲ್ಲಿ ಒಂದೇ ಹಿಡಿ ಪುಡಿ, ಒಬ್ಬನೇ ಎರಚುವವನು. ಅಲ್ಲಿ ಮೋಡದಷ್ಟು ಪುಡಿ, ಅದು ಉರಿಯುವ ವಸ್ತು ಎಂಬ ಎಚ್ಚರವಿಟ್ಟು ಕಾದವರಿಲ್ಲ. ಮೆರವಣಿಗೆಯಲ್ಲಿ ಯಂತ್ರದಿಂದ ಬಣ್ಣ ಊದುವ ನಮ್ಮ ಊರಿನ ಹುಡುಗರೂ ಇದನ್ನು ತಿಳಿದಿರಬೇಕು.

ತಣ್ಣನೆಯ ಬೆಂಕಿ ಎಂಬುದುಂಟೇ?

ಈಗ ಎಲ್ಲ ಕಡೆ ಕೇಳುವ ಮಾತು ‘ಕೋಲ್ಡ್ ಫೈರ್’. ಮುಟ್ಟಿದರೂ ಸುಡುವುದಿಲ್ಲ, ಮಕ್ಕಳನ್ನು ಪಕ್ಕದಲ್ಲೇ ನಿಲ್ಲಿಸಬಹುದು ಎಂದು ಬಾಡಿಗೆಗೆ ಕೊಡುವವರು ಧೈರ್ಯ ಹೇಳುತ್ತಾರೆ. ಇದರಲ್ಲಿ ಅರ್ಧ ಮಾತ್ರ ಸತ್ಯ.

ದೀಪಾವಳಿಯ ಸುರುಸುರು ಬತ್ತಿಯನ್ನೇ ನೋಡಿ. ಅದು ಉರಿಯುವ ತುದಿಯ ಶಾಖ ಸುಮಾರು ಸಾವಿರ ಡಿಗ್ರಿ ಸೆಲ್ಸಿಯಸ್. ಆದರೂ ಒಂದು ಕಿಡಿ ಕೈಮೇಲೆ ಬಿದ್ದರೆ ಚುರ್ ಎನ್ನುತ್ತದೆ, ಅಷ್ಟೇ. ಕಿಡಿ ಬಿಸಿಯಾದದ್ದು ಹೌದು, ಆದರೆ ಸಾಸಿವೆಗಿಂತಲೂ ಚಿಕ್ಕದು. ಅದು ಹೊತ್ತು ತರುವ ಶಾಖ ಕಡಿಮೆ, ಹಾರುತ್ತಲೇ ಆರಿಹೋಗುತ್ತದೆ. ಅದೇ ಬತ್ತಿಯ ತಂತಿಯನ್ನು ಮುಟ್ಟಿದರೆ ಚರ್ಮ ಕಿತ್ತುಬರುತ್ತದೆ. ಕೋಲ್ಡ್ ಫೈರ್ ಯಂತ್ರದ್ದೂ ಇದೇ ಕತೆ. ಟೈಟಾನಿಯಂ, ಜಿರ್ಕೋನಿಯಂ ಮುಂತಾದ ಲೋಹಗಳ ಸಣ್ಣ ಹರಳುಗಳನ್ನು ಯಂತ್ರ ಕಾಯಿಸಿ ಮೇಲಕ್ಕೆ ಚಿಮ್ಮಿಸುತ್ತದೆ. ಮೇಲಿನ ಕಿಡಿ ತಣ್ಣಗಾಗಿರಬಹುದು, ಆದರೆ ಯಂತ್ರದ ಬಾಯಿಯ ಬಳಿ ಬೆಂಕಿ ಬೆಂಕಿಯೇ. ನೈಲಾನಿನ ಲಂಗ, ಹತ್ತಿ ಅಂಟಿಸಿದ ರೆಕ್ಕೆ, ಬಣ್ಣದ ಕಾಗದದ ಕಿರೀಟ, ವೇದಿಕೆಯ ಹಿಂದಿನ ಥರ್ಮೋಕೋಲ್ ಅರಮನೆ, ಇವುಗಳಿಗೆ ತಣ್ಣನೆಯ ಬೆಂಕಿ ಎಂಬ ಹೆಸರು ಓದಲು ಬರುವುದಿಲ್ಲ.

ಇನ್ನೊಂದು ವಿಷಯ. ಆ ಲೋಹದ ಪುಡಿಗೇ ಬೆಂಕಿ ಹತ್ತಿದರೆ ಬಕೆಟ್ ನೀರು ಸುರಿಯಬಾರದು. ಉರಿಯುವ ಲೋಹ ನೀರನ್ನು ಒಡೆದು ಜಲಜನಕ ಬಿಡಿಸುತ್ತದೆ, ಅದು ಮತ್ತೆ ಉರಿಯುತ್ತದೆ. ಅದಕ್ಕೆ ಒಣಮರಳೇ ಬೇಕು. ಬಟ್ಟೆ, ಹುಲ್ಲು, ಕಾಗದ, ಸೋಗೆಗಾದರೆ ನೀರು ಸರಿ. ಹಾಗಾಗಿ ವೇದಿಕೆಯ ಬಳಿ ನೀರೂ ಇರಬೇಕು, ಒಣಮರಳೂ ಇರಬೇಕು. ಯಾವುದನ್ನು ಎಲ್ಲಿಗೆ ಹಾಕಬೇಕೆಂದು ತಿಳಿದ ಮನುಷ್ಯನೂ ಇರಬೇಕು.

‘ನಾನಲ್ಲ, ಅವರು’

2003ರ ಫೆಬ್ರವರಿ 20ರಂದು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ‘ದಿ ಸ್ಟೇಷನ್’ ಎಂಬ ಸಂಗೀತದ ಕ್ಲಬ್ಬಿನಲ್ಲಿ ನಡೆದದ್ದನ್ನು ಪ್ರಪಂಚದ ಎಲ್ಲ ಕಡೆ ಪಾಠವಾಗಿ ಹೇಳುತ್ತಾರೆ. ವಾದ್ಯತಂಡ ಮೊದಲ ಹಾಡು ಎತ್ತಿಕೊಂಡಿತು, ವೇದಿಕೆಯಲ್ಲಿ ಕಿಡಿಯ ಕಾರಂಜಿ ಚಿಮ್ಮಿತು. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆ ಫೋಮ್ ಹಾಳೆ ಅಂಟಿಸಿದ್ದರು, ಅದಕ್ಕೆ ಕಿಡಿ ತಾಗಿತು. ಇದೂ ಆಟದ ಭಾಗವೆಂದು ಕೆಲವರು ಮೊದಲ ಕ್ಷಣಗಳಲ್ಲಿ ನೋಡುತ್ತ ನಿಂತರು. ಐದಾರು ನಿಮಿಷದಲ್ಲಿ ಕಟ್ಟಡವೆಲ್ಲ ಬೆಂಕಿ. ಬೇರೆ ಬಾಗಿಲುಗಳಿದ್ದರೂ ಹೆಚ್ಚಿನವರು ತಾವು ಒಳಬಂದ ಮುಂಬಾಗಿಲಿಗೇ ನುಗ್ಗಿದರು. ನೂರು ಮಂದಿ ತೀರಿಕೊಂಡರು.

ಆಮೇಲೆ ಎದ್ದ ವಾದ ಗಮನಿಸಿ. ಕಿಡಿ ಹಾರಿಸಲು ಕ್ಲಬ್ಬಿನವರು ಒಪ್ಪಿದ್ದರು ಎಂದಿತು ವಾದ್ಯತಂಡ. ನಮಗೆ ಗೊತ್ತೇ ಇರಲಿಲ್ಲ ಎಂದರು ಕ್ಲಬ್ಬಿನವರು. ಅಂದರೆ ನೂರಾರು ಜನ ಸೇರಿದ್ದ ಕೋಣೆಯಲ್ಲಿ ಹತ್ತಿಸಿದ ಬೆಂಕಿಗೆ ಯಜಮಾನನೇ ಇರಲಿಲ್ಲ.

ಇದು ದೂರದ ಮಾತಾಯಿತು. ಹತ್ತಿರದ್ದು ಕೇಳಿ. ಕಾಸರಗೋಡು ಜಿಲ್ಲೆಯ ನೀಲೇಶ್ವರದ ವೀರರ್‌ಕಾವು ದೇವಸ್ಥಾನದಲ್ಲಿ 2024ರ ಅಕ್ಟೋಬರ್ 28ರ ನಡುರಾತ್ರಿಯ ಹೊತ್ತಿಗೆ ತೆಯ್ಯಂ ನೋಡಲು ಜನ ನೆರೆದಿದ್ದರು. ಹಚ್ಚಿದ ಪಟಾಕಿಯ ಕಿಡಿ, ಪಕ್ಕದಲ್ಲೇ ಪಟಾಕಿ ಕೂಡಿಟ್ಟಿದ್ದ ಕೊಠಡಿಗೆ ಹಾರಿತು. 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಕೆಲವರು ಮುಂದಿನ ದಿನಗಳಲ್ಲಿ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು. ಅಲ್ಲಿದ್ದದ್ದು ಭಾರೀ ಸಿಡಿಮದ್ದೇನಲ್ಲ, ಸಾಧಾರಣ ಪಟಾಕಿಗಳೇ. ಹಚ್ಚುವ ಜಾಗ, ಕೂಡಿಟ್ಟ ಜಾಗ, ಜನ ನಿಂತ ಜಾಗ ಮೂರೂ ಒಂದೇ ಆಗಿತ್ತು. ಪಟಾಕಿ ಹಾರಿಸಲು ಪರವಾನಗಿಯೂ ಇರಲಿಲ್ಲ.

ಅದೇ ಕೇರಳದ ಕೊಲ್ಲಂ ಜಿಲ್ಲೆಯ ಪುಟ್ಟಿಂಗಲ್ ದೇವಸ್ಥಾನದಲ್ಲಿ 2016ರ ಏಪ್ರಿಲ್ 10ರ ಬೆಳಗಿನ ಜಾವ ನೂರಕ್ಕೂ ಹೆಚ್ಚು ಮಂದಿ ಸತ್ತದ್ದೂ ಕೂಡಿಟ್ಟ ಮದ್ದಿಗೆ ಕಿಡಿ ಬಿದ್ದು. ಪೈಪೋಟಿಯ ಸಿಡಿಮದ್ದು ಬೇಡವೆಂದು ಜಿಲ್ಲಾಡಳಿತ ಅನುಮತಿ ನಿರಾಕರಿಸಿತ್ತು. ಆದರೂ ನಡೆಯಿತು.

ಎರಡು ಕೀಲಿಕೈ

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಬ್ಯಾಂಕಿನ ತಿಜೋರಿಗೆ ಎರಡು ಕೀಲಿಕೈ ಇರುತ್ತವೆ, ಎರಡೂ ಒಬ್ಬರ ಬಳಿ ಇರುವುದಿಲ್ಲ. ಇಬ್ಬರೂ ಬಂದು ತಿರುಗಿಸಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಯಾರ ಮೇಲೂ ಅಪನಂಬಿಕೆಯಿಂದ ಮಾಡಿದ್ದಲ್ಲ ಇದು. ಒಬ್ಬನ ಕಣ್ಣು ತಪ್ಪಿದರೆ ಇನ್ನೊಬ್ಬನ ಕಣ್ಣಿರಲಿ ಎಂದು. ಯಾವ ಕೀಲಿಕೈ ಯಾರ ವಶದಲ್ಲಿದೆ ಎಂಬುದು ಪುಸ್ತಕದಲ್ಲಿ ಸಹಿಯೊಂದಿಗೆ ಇರುತ್ತದೆ.

ವೇದಿಕೆಯ ಬೆಂಕಿಗೂ ಇದೇ ಕ್ರಮ ಬೇಕು. ಒಬ್ಬ ಗುಂಡಿ ಒತ್ತುವವನು. ಇನ್ನೊಬ್ಬ ವೇದಿಕೆಯನ್ನು ನೋಡುತ್ತ ನಿಂತು, ಮಗುವೊಂದು ಗೆರೆ ದಾಟಿದರೂ ‘ಬೇಡ’ ಎನ್ನುವವನು. ಈ ‘ಬೇಡ’ಕ್ಕೆ ಮೇಲ್ಮನವಿ ಇರಕೂಡದು. ಅಧ್ಯಕ್ಷರು ಕೈಸನ್ನೆ ಮಾಡಿದರೂ, ಗಾಯಕರು ಕಾಯುತ್ತಿದ್ದರೂ ಹಚ್ಚಬಾರದು. ಇಬ್ಬರ ಹೆಸರೂ ಕಾರ್ಯಕ್ರಮ ಪಟ್ಟಿಯಲ್ಲಿ ಬರಲಿ. ಧ್ವನಿವರ್ಧಕ ಯಾರದು, ಶಾಮಿಯಾನ ಯಾರದು ಎಂದು ಬರೆಯುವ ನಾವು ಬೆಂಕಿ ಯಾರದು ಎಂದು ಏಕೆ ಬರೆಯಬಾರದು?

ಕಾನೂನೂ ಇದೆ. ನಮ್ಮ ದೇಶದಲ್ಲಿ ಸ್ಫೋಟಕಗಳ ಕಾಯ್ದೆ 1884ರಿಂದಲೇ ಇದೆ, ಈಗಿನ ನಿಯಮಗಳು 2008ರವು. ಸಾರ್ವಜನಿಕವಾಗಿ ಬಾಣಬಿರುಸು ಪ್ರದರ್ಶನ ಮಾಡಲು ಪರವಾನಗಿ ಬೇಕು. ಅಮೆರಿಕದಲ್ಲಿ ಒಳಾಂಗಣದ ವೇದಿಕೆಗೆ ಒಂದು ಸರಳ ಅಳತೆಯಿದೆ: ಕಿಡಿ ಎಷ್ಟು ದೂರ ಬೀಳುತ್ತದೋ ಅದರ ಎರಡರಷ್ಟು ದೂರ, ಕಡಿಮೆಯೆಂದರೂ 15 ಅಡಿ, ಜನ ಇರಬೇಕು. ಶಾಲೆಯ ಮಕ್ಕಳೇ ಇದನ್ನು ಲೆಕ್ಕ ಹಾಕಬಹುದು. ಕಿಡಿ 10 ಅಡಿ ದೂರ ಬೀಳುವುದಾದರೆ ಮೊದಲ ಸಾಲಿನ ಕುರ್ಚಿ ಎಷ್ಟು ಅಡಿ ದೂರ? 20. ಕಿಡಿ 5 ಅಡಿಯಷ್ಟೇ ಬಿದ್ದರೆ? 10 ಅಲ್ಲ, 15.

ಮೂರು ಊರು, ಮೂರು ಪಾಠ

ತೀರ್ಥಹಳ್ಳಿಯ ರಾಮೇಶ್ವರನ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಮೊದಲ ದಿನ ತೀರ್ಥಸ್ನಾನ, ಮರುದಿನ ರಥ, ಮೂರನೆಯ ರಾತ್ರಿ ತುಂಗೆಯಲ್ಲಿ ತೆಪ್ಪೋತ್ಸವ. ಆಗ ಆಕಾಶದಲ್ಲಿ ಬಾಣಬಿರುಸು. ಹೊಳೆಯ ದಡದಲ್ಲಿ ಕೂತು ನೋಡಿದವರಿಗೆ ನೆರಳು ನೀರಿನಲ್ಲೂ ಕಂಡು ಒಂದಕ್ಕೆ ಎರಡಾಗುತ್ತದೆ. ಹಿರಿಯರು ಭಕ್ತಿಯಿಂದಲೇ ಹೊಳೆಯನ್ನು ಆರಿಸಿಕೊಂಡಿರಬಹುದು, ಆದರೆ ಸುರಕ್ಷತೆಯ ದೃಷ್ಟಿಯಿಂದಲೂ ಅದು ಒಳ್ಳೆಯ ಜಾಗ. ಮೇಲೆ ತೆರೆದ ಆಕಾಶ, ಕೆಳಗೆ ನೀರು. ಬಿರುಸಿನ ಕೆಂಡ ನೀರಿಗೆ ಬಿದ್ದರೆ ಚುಂಯ್ ಎಂದು ಆರುತ್ತದೆ. ಜನ ದಡ ಬಿಟ್ಟು ಮುಂದೆ ಹೋಗದಿದ್ದರೆ ಆ ದೂರವೇ ಕಾವಲು. ದೂರದಿಂದ ನೋಡಿದರೆ ಬಾಣಬಿರುಸಿನ ಚೆಲುವು ಕಡಿಮೆಯಾಗುವುದಿಲ್ಲ ಎಂಬುದು ತೀರ್ಥಹಳ್ಳಿಯ ಪಾಠ.

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಒಂಬತ್ತು ದಿನ. ಬರುವುದು ಫೆಬ್ರವರಿಯ ಸುಮಾರಿಗೆ, ಮಲೆನಾಡು ಒಣಗುವ ಹೊತ್ತಿಗೆ. ಪೇಟೆಯ ನಡುವೆ ಸಾಲು ಅಂಗಡಿ, ಬಟ್ಟೆಯ ಪರದೆ, ಪ್ಲಾಸ್ಟಿಕ್ ಹೊದಿಕೆ, ಅಡುಗೆ ಅನಿಲದ ಸಿಲಿಂಡರು, ಎಲ್ಲಕ್ಕೂ ಮಿಗಿಲಾಗಿ ಭುಜಕ್ಕೆ ಭುಜ ತಾಗುವ ಜನ. ಇಂಥ ಕಡೆ ದೂರ ಎಲ್ಲಿಂದ ತರುವುದು? ಬೆಂಗಳೂರಿನಲ್ಲಿ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ, ಅದರಲ್ಲೂ ಮಕ್ಕಳು, ಸತ್ತ ಸುದ್ದಿ ಹಿರಿಯರಿಗೆ ಮರೆತಿರಲಾರದು. ಅಲ್ಲಿ ಬೆಂಕಿಯಷ್ಟೇ ನೂಕುನುಗ್ಗಲೂ ಜೀವ ತೆಗೆಯಿತು. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನನ ಧಾರಾವಾಹಿಯ ಚಿತ್ರೀಕರಣದಲ್ಲಿ ಬೆಂಕಿ ಹತ್ತಿ 62 ಮಂದಿ ತೀರಿಕೊಂಡರು. ಬೆಂಕಿ ಹತ್ತಿದ್ದು ಹೇಗೆ ಎಂಬುದಕ್ಕಿಂತ, ಹತ್ತಿದ ಮೇಲೆ ಹೊರಗೆ ಹೋಗುವ ದಾರಿ ಯಾವುದು ಎಂಬುದೇ ಇಂಥ ಕಡೆ ದೊಡ್ಡ ಪ್ರಶ್ನೆ. ಶಾಮಿಯಾನದ ಅಡಿಯಲ್ಲಿ, ಅಡಿಕೆ ಸೋಗೆಯ ಚಪ್ಪರದಲ್ಲಿ, ದರಗು ಬಿದ್ದ ಬಯಲಿನಲ್ಲಿ, ಹುಲ್ಲಿನ ಬಣವೆಯ ಹತ್ತಿರ ಕಿಡಿ ಹಾರಿಸುವುದೇ ಬೇಡ. ದೂರ ಇಲ್ಲದ ಕಡೆ ಬೆಂಕಿಯೂ ಇರಬಾರದು. ಇದು ಸಾಗರದ ಪಾಠ.

ಹೊಸನಗರದ ಪಾಠವನ್ನು ಆಗಲೇ ಬಾವಿ ಹೇಳಿತು. ಉಳಿದ ಮದ್ದನ್ನು ಮರೆಯಬಾರದು. ಕಾರ್ಯಕ್ರಮ ಮುಗಿದ ಮೇಲೆ ಶಾಲೆಯ ಕ್ರೀಡಾ ಸಾಮಗ್ರಿಯ ಕೋಣೆಯಲ್ಲೋ, ದೇವಸ್ಥಾನದ ಉಗ್ರಾಣದಲ್ಲೋ ಉಳಿದ ಪಟಾಕಿಯ ಪೆಟ್ಟಿಗೆ ತಳ್ಳಿ ‘ಮುಂದಿನ ವರ್ಷಕ್ಕಾಯಿತು’ ಎನ್ನುವುದುಂಟು. ತಂದದ್ದೆಷ್ಟು, ಹಾರಿಸಿದ್ದೆಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕ ಅದೇ ರಾತ್ರಿ ಸರಿಹೊಂದಬೇಕು. ಉಳಿದದ್ದು ಪರವಾನಗಿ ಇರುವ ಮಾರಾಟಗಾರನಿಗೆ ವಾಪಸು ಹೋಗಬೇಕು.

ಮಕ್ಕಳಿಗೆ, ಅಜ್ಜ-ಅಜ್ಜಿಯರಿಗೆ

ಮಕ್ಕಳೇ, ಸಿಡಿಯದೆ ಉಳಿದ ಪಟಾಕಿಯ ಹತ್ತಿರ ಬಗ್ಗಿ ನೋಡಬೇಡಿ. ಮದ್ದಿನಲ್ಲಿರುವ ಪೆಟ್ಲುಪ್ಪು ತಾನೇ ಆಮ್ಲಜನಕ ಒದಗಿಸುತ್ತದೆ, ಆದ್ದರಿಂದ ಹೊರಗಿನ ಗಾಳಿ ಇಲ್ಲದೆಯೂ ಅದು ಒಳಗೊಳಗೇ ಉರಿಯುತ್ತಿರಬಹುದು. ದೊಡ್ಡವರನ್ನು ಕರೆಯಿರಿ, ಅವರು ಕಾದು, ದೂರದಿಂದ ನೀರು ಸುರಿಯುತ್ತಾರೆ. ಯಾವುದೇ ಸಭೆಗೆ ಹೋದರೂ ಕೂರುವ ಮುಂಚೆ ಎರಡು ಬಾಗಿಲು ಗುರುತಿಸಿಕೊಳ್ಳಿ, ಒಂದು ನೀವು ಬಂದದ್ದು, ಇನ್ನೊಂದು ಬೇರೆಯದು. ಬಟ್ಟೆಗೆ ಬೆಂಕಿ ತಾಗಿದರೆ ಓಡಬೇಡಿ, ಓಡಿದರೆ ಗಾಳಿ ಬೆಂಕಿಗೆ ಊಟ. ನಿಲ್ಲಿ, ಮುಖ ಮುಚ್ಚಿಕೊಂಡು ನೆಲಕ್ಕೆ ಬೀಳಿ, ಉರುಳಿ.

ಸುಟ್ಟ ಜಾಗಕ್ಕೆ ಹರಿಯುವ ತಣ್ಣೀರು 20 ನಿಮಿಷ. ಅಜ್ಜಿಯರು ಬೇಸರಿಸಬಾರದು, ಅರಿಶಿನ, ಟೂತ್‌ಪೇಸ್ಟ್, ಶಾಯಿ, ಎಣ್ಣೆ, ಮಂಜುಗಡ್ಡೆ ಯಾವುದೂ ಬೇಡ. ಅಂಟಿಕೊಂಡ ಬಟ್ಟೆಯನ್ನು ಕೀಳಬಾರದು. ಶುಭ್ರವಾದ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ನಡೆಯಿರಿ. ಅಗ್ನಿಶಾಮಕಕ್ಕೆ 101, ಆಂಬುಲೆನ್ಸಿಗೆ 108, ಯಾವುದಕ್ಕಾದರೂ 112. ನಮ್ಮಲ್ಲಿ ಎಷ್ಟೋ ಹಳ್ಳಿಗಳು ತಾಲ್ಲೂಕು ಕೇಂದ್ರದಿಂದ ದೂರ, ದಾರಿಯೆಲ್ಲ ತಿರುವು. ಅಗ್ನಿಶಾಮಕದ ವಾಹನ ಬರುವವರೆಗೆ ಇರುವ ನೀರೇ ಗತಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂಬ ಗಾದೆ ವೇದಿಕೆಗೂ ಸಲ್ಲುತ್ತದೆ.

ಮೊಮ್ಮಗಳು ವಾರ್ಷಿಕೋತ್ಸವದ ಆಮಂತ್ರಣ ತಂದು ಕೊಟ್ಟಾಗ, ನೃತ್ಯದ ಕೊನೆಗೆ ಕೋಲ್ಡ್ ಫೈರ್ ಇದೆ ಎಂದು ಸಂಭ್ರಮದಿಂದ ಹೇಳಿದಾಗ, ಅವಳ ಉತ್ಸಾಹಕ್ಕೆ ತಣ್ಣೀರು ಎರಚಬೇಕಿಲ್ಲ. ಮುಖ್ಯೋಪಾಧ್ಯಾಯರಿಗೆ ಒಂದು ಫೋನ್ ಮಾಡಿ ಮೆಲ್ಲಗೆ ಕೇಳಿದರಾಯಿತು: ಹಚ್ಚುವವರು ಯಾರು, ‘ಬೇಡ’ ಎನ್ನುವವರು ಯಾರು, ಮಕ್ಕಳು ಎಷ್ಟು ದೂರ, ನೀರು-ಮರಳು ಎಲ್ಲಿ, ಹೊರದಾರಿ ಎಷ್ಟು? ಐದಕ್ಕೂ ಉತ್ತರ ಸಿಕ್ಕಿದರೆ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ. ಒಂದಕ್ಕೆ ಉತ್ತರ ಸಿಗದಿದ್ದರೂ ಆ ವರ್ಷ ಬಣ್ಣದ ದೀಪ ಸಾಕು. ಮಕ್ಕಳ ಕುಣಿತ ಅದರಿಂದ ಮಂಕಾಗುವುದಿಲ್ಲ.